ಅವನ ಲ್ಯಾಪ್‌ಟಾಪಿಗೆ ಫರ್ಮ್‌ವೇರ್ ಹಾಕಿದ್ದು

ಪೆನ್‌ಡ್ರೈವ್ ಬಸ್ಸಿನಲ್ಲೇ ಬಿದ್ದುಹೋಗಬಹುದಿತ್ತು. ಅದಕ್ಕೆಂದೇ ಸಿಡಿಯಲ್ಲೂ ಒಂದು ಪ್ರತಿ ಇಟ್ಟುಕೊಂಡಿದ್ದೆ. ಆ ಸಿಡಿಗೆ ಗೀರು ಬೀಳಬಹುದಿತ್ತು. ಮಾರ್ಕೆಟ್ಟಿನ ಹೂವಿನ ಮೂಟೆಗಳ ನಡುವೆ ಬಸ್ಸು ಸಿಕ್ಕಿಕೊಂಡು, ನಾನು ಚಾಮರಾಜಪೇಟೆ ಮುಟ್ಟುವಷ್ಟರಲ್ಲಿ ಅವನು ಮಾತ್ರೆಯ ನಿದ್ದೆಗೆ ಜಾರಿರಬಹುದಿತ್ತು. ಫೈಲಿನ ಆವೃತ್ತಿ ಹೊಂದದೆ ಹೋಗಬಹುದಿತ್ತು. ಅರ್ಧದಲ್ಲಿ ಕರೆಂಟು ಹೋಗಿ, ಆ ಹಳೇ ಬ್ಯಾಟರಿಯೂ ಕೈಕೊಟ್ಟು, ಲ್ಯಾಪ್‌ಟಾಪು ಮತ್ತೆ ಏಳದೇ ಇರಬಹುದಿತ್ತು. ನನ್ನ ಬೆರಳು ಎಲ್ಲೋ ತಗುಲಿ ಅವನ ವರ್ಷಗಟ್ಟಲೆಯ ಮೇಲ್‌ಗಳೆಲ್ಲ ಅಳಿಸಿಹೋಗಬಹುದಿತ್ತು. ನಾನು ಮನೆಗೆ ಬೀಗ ಹಾಕಿದ ಮೇಲೆ ಎಳೆದು ನೋಡುವವನು. ಬೀದಿಯ ತಿರುವಿನವರೆಗೆ ಹೋಗಿ, ಎಳೆದ ರಭಸಕ್ಕೆ ಬೀಗವೇ ಸಡಿಲವಾಯಿತೇನೋ ಎಂದು ವಾಪಸು ಬರುವವನು. ಇಂಥವನ ಕೈಗೆ ಆ ಕೆಲಸ ಬಂದಿತ್ತು.

ಗೆಳೆಯ ಹಾಸಿಗೆ ಹಿಡಿದಿದ್ದ. ಆಸ್ಪತ್ರೆಯವರು ಇನ್ನು ಮನೆಯಲ್ಲೇ ನೋಡಿಕೊಳ್ಳಿ ಎಂದು ಕಳಿಸಿದ್ದರು. ಅದರ ಅರ್ಥ ಅವನಿಗೂ ಗೊತ್ತಿತ್ತು, ಅವನನ್ನು ನೋಡಿಕೊಳ್ಳುತ್ತಿದ್ದ ಅವನ ಅಕ್ಕನಿಗೂ ಗೊತ್ತಿತ್ತು. ಇಂಟರ್‌ನೆಟ್ಟಿನ ತಂತಿ ಇದ್ದದ್ದು ಹಜಾರದಲ್ಲಿ, ಫೋನಿನ ಪಕ್ಕ. ಅಲ್ಲಿಯವರೆಗೆ ನಡೆಯುವುದು ಅವನಿಂದ ಆಗುತ್ತಿರಲಿಲ್ಲ. ಕಂಪ್ಯೂಟರಿನ ಪರದೆಗೆ ಕನ್ನಡ ತರಲು ಹೊರಟ ನಾಲ್ಕಾರು ಜನರ ಗುಂಪೊಂದಿತ್ತು. ಅವರೊಡನೆ ದಿನವಿಡೀ ಮೇಲ್‌ನಲ್ಲಿ ಕಿತ್ತಾಡುವುದೇ ಅವನ ಬದುಕು. ಸೇವ್ ಎಂಬುದಕ್ಕೆ ‘ಉಳಿಸು’ ಅನ್ನಬೇಕೋ ‘ಕಾಪಿಡು’ ಅನ್ನಬೇಕೋ ಎಂದು ತಿಂಗಳುಗಟ್ಟಲೆ ಜಗಳವಾಡಿದವನು. ಈಗ ಆ ಜಗಳಗಳು ಅವನಿಲ್ಲದೆ ನಡೆಯುತ್ತಿದ್ದವು. ನಾನು ಎಸ್.ಪಿ. ರಸ್ತೆಯಿಂದ ಉದ್ದದ ಕೇಬಲ್ ತಂದು ಅವನ ಕೋಣೆಯವರೆಗೆ ಎಳೆದದ್ದೂ ಆಯಿತು. ಅಕ್ಕ ಗಂಜಿಯ ಪಾತ್ರೆಯೊಡನೆ ಅದಕ್ಕೆ ಎಡವಿ ಬಿದ್ದರು, ಕೇಬಲ್ಲು ಅಟ್ಟಕ್ಕೆ ಹೋಯಿತು.

ಉಳಿದದ್ದು ತಂತಿ ಬೇಡದ ವೈರ್‌ಲೆಸ್, ಹಜಾರದ ಮೋಡೆಮ್ಮಿನಲ್ಲಿ ಅದು ಇತ್ತು. ಲ್ಯಾಪ್‌ಟಾಪಿನಲ್ಲಿ ಅದರ ಕಾರ್ಡು ಇತ್ತು, ಕೊಂಡ ದಿನದಿಂದ ಸತ್ತಂತೆ ಬಿದ್ದಿತ್ತು. ಅದಕ್ಕೆ ಜೀವ ಬರಬೇಕಾದರೆ ಕಾರ್ಡು ಮಾಡಿದ ಕಂಪನಿಯವರೇ ಕೊಡುವ ಫರ್ಮ್‌ವೇರ್ ಎಂಬ ಸಣ್ಣ ಫೈಲು ಬೇಕು. ಅದರ ಒಳಗೇನಿದೆ ಎಂದು ನೋಡುವಂತಿಲ್ಲ, ತಿದ್ದುವಂತಿಲ್ಲ. ಅವನ ಲ್ಯಾಪ್‌ಟಾಪಿನಲ್ಲಿ ಅಂಥದ್ದು ಒಂದೂ ಇರಲಿಲ್ಲ, ಅವನು ಬಿಟ್ಟುಕೊಂಡಿರಲಿಲ್ಲ. ಎಲ್ಲವೂ ಸ್ವತಂತ್ರ ತಂತ್ರಾಂಶ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದದ್ದು. ಹಬ್ಬದ ದಿನ ಅಕ್ಕ ಮಡಿಯುಟ್ಟು ಅಡುಗೆಗೆ ನಿಂತರೆ, ಬೇಕೆಂದೇ ಅಡುಗೆಮನೆಯ ಹೊಸ್ತಿಲ ಒಳಗೆ ಒಂದು ಕಾಲಿಟ್ಟು ನಗುತ್ತಿದ್ದವನು ಇವನು. ಅಕ್ಕ ಫೋನಿನಲ್ಲಿ ನನಗೆ ಹೇಳಿದ್ದೂ ಅದನ್ನೇ: “ನನ್ನ ಮಡಿ ನೋಡಿ ನಗ್ತಿದ್ದ. ಇವನ ಮಡಿ ನಮ್ಮಜ್ಜಿಗೂ ಇರ್ಲಿಲ್ಲ. ನೀನು ಬಂದು ಅದೇನೋ ಹಾಕ್ಕೊಟ್ಟು ಹೋಗಪ್ಪ. ಬೈದ್ರೆ ಬೈಸ್ಕೊ.”

ಬೈಸಿಕೊಳ್ಳಲು ತಯಾರಾಗಿಯೇ ಹೊರಟೆ. ಬಸ್ಸಿನುದ್ದಕ್ಕೂ ವಾದಗಳನ್ನು ಜೋಡಿಸಿಕೊಂಡೆ. ಹೃದಯಕ್ಕೆ ಪೇಸ್‌ಮೇಕರ್ ಹಾಕುವಾಗ ಅದರ ಸೋರ್ಸ್ ಕೋಡ್ ಕೇಳುತ್ತೀಯಾ ಎನ್ನೋಣವೆಂದುಕೊಂಡೆ. ಹೌದು, ಕೇಳುತ್ತೇನೆ ಅನ್ನುವವನೇ ಅವನು. ಆ ವಾದವನ್ನು ಮಿಂಟೋ ಆಸ್ಪತ್ರೆಯ ಹತ್ತಿರ ಕೈಬಿಟ್ಟೆ.

ಕೋಣೆಗೆ ಹೋಗಿ ಕೂತು ಬಾಯಿ ತೆರೆಯುವ ಮೊದಲೇ ಅವನು ಕೇಳಿದ, “ತಂದ್ಯಾ?”

“ಏನನ್ನ?” ಎಂದೆ.

“ಸುಮ್ನಿರು ಮಗಾ. ಅಕ್ಕಂಗೆ ಗುಟ್ಟಾಗಿ ಫೋನ್ ಮಾಡಕ್ಕೆ ಬರಲ್ಲ, ಬೀದಿಗೆಲ್ಲ ಕೇಳ್ಸತ್ತೆ. ಹಾಕು.”

ಗೆದ್ದ ಸಂತೋಷವಾಗಬೇಕಿತ್ತು. ನಾನೇ ಅವನ ಪರ ವಕಾಲತ್ತು ಶುರುಮಾಡಿದೆ. “ಬೇಡ ಅಂದ್ರೆ ಬಿಡೋಣ ಗುರು. ಗೋಡೆಗೆ ಮೊಳೆ ಹೊಡ್ಸಿ ಮೇಲಿಂದ ಕೇಬಲ್ ಎಳೆಸ್ಬೋದು. ಮುಂದಿನ ತಿಂಗ್ಳು...”

“ಮುಂದಿನ ತಿಂಗ್ಳು,” ಎಂದ ಅವನು, ನನ್ನ ಮಾತನ್ನೇ. ಆಮೇಲೆ ಲ್ಯಾಪ್‌ಟಾಪನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ತಾನೇ ಪಾಸ್‌ವರ್ಡ್ ಒತ್ತಿದ.

ನಾನು ಹೆದರಿದ್ದು ಒಂದೂ ಆಗಲಿಲ್ಲ. ಕರೆಂಟು ಹೋಗಲಿಲ್ಲ, ಫೈಲು ಸರಿಯಾಗಿ ಕೂತಿತು, ಸಿಡಿ ಚೀಲದಿಂದ ಹೊರಗೇ ಬರಲಿಲ್ಲ. ಕಾರ್ಡಿನ ಪುಟ್ಟ ದೀಪ ಮೊದಲ ಸಲ ಹತ್ತಿತು. ಅವನಿಲ್ಲದೆ ನಡೆದಿದ್ದ ಜಗಳಗಳೆಲ್ಲ ಸಾಲಾಗಿ ಇಳಿದು ಬಂದವು, ಅಕ್ಕ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಂಡರು.

ಅದಕ್ಕೂ ಮುಂಚೆ, ಫೈಲು ಕೂರುವ ಮೊದಲು, ಒಂದು ಪರದೆ ಬಂದಿತ್ತು. ಕಂಪನಿಯ ಕರಾರು, ಉದ್ದಕ್ಕೆ ಇಂಗ್ಲಿಷು, ಕೊನೆಗೆ ಒಪ್ಪಿಗೆಯೋ ಇಲ್ಲವೋ ಎಂಬ ಪ್ರಶ್ನೆ. ಬಸವನಗುಡಿಯಲ್ಲಿ ನಮ್ಮ ಸ್ವತಂತ್ರ ತಂತ್ರಾಂಶದವರ ಭಾನುವಾರದ ಕೂಟಗಳಲ್ಲಿ ಯಾರಾದರೂ ಇಂಥದ್ದಕ್ಕೆ ಹೂಂಗುಟ್ಟಲು ಹೊರಟರೆ ಇವನು ಅವರ ಕೈ ಹಿಡಿದು ನಿಲ್ಲಿಸುತ್ತಿದ್ದ. ಕನ್ನಡಕ ಮೂಗಿನ ತುದಿಗೆ ಇಳಿಸಿ, ಕೋರ್ಟಿನ ಅಮೀನನ ದನಿಯಲ್ಲಿ, ಅಲ್ಲೇ ಕನ್ನಡ ಮಾಡುತ್ತ ಓದುತ್ತಿದ್ದ: “ಸದರಿ ಬಳಕೆದಾರನು ಸದರಿ ಫೈಲಿನ ಒಳಗೆ ಇಣುಕತಕ್ಕದ್ದಲ್ಲ, ಇಣುಕುವವರ ಜೊತೆ ಕಾಫಿ ಕುಡಿಯತಕ್ಕದ್ದಲ್ಲ.” ಒಂದು ಸಾಲನ್ನೂ ಬಿಡುತ್ತಿರಲಿಲ್ಲ. ಜನ ನಕ್ಕು, ಆಮೇಲೆ ಬೇಸತ್ತು, ಎದ್ದು ಹೋದರೂ ಓದು ಮುಗಿಯುತ್ತಿರಲಿಲ್ಲ.

ನಾನು ಸ್ಟೂಲನ್ನು ಮಂಚಕ್ಕೆ ಹತ್ತಿರ ಎಳೆದುಕೊಂಡು ಕೇಳಲು ಕೂತೆ. ಅವನು ಕನ್ನಡಕವನ್ನೂ ಹಾಕಿಕೊಳ್ಳದೆ, ಏನನ್ನೂ ಓದದೆ, ಒಪ್ಪಿಗೆ ಎಂದಿದ್ದ ಕಡೆ ಹೋಗಿ ಎಂಟರ್ ಒತ್ತಿದ.