ಆಯಿ ಸೆರಗಿಗೆ ಕಟ್ಟಿದ ಕರಾರುಪತ್ರ

“ಅಕ್ಕಾರ, ಕರಾರಪತ್ರದಾಗ ಒಂದ ತಿಂಗಳ ನೋಟಿಸ್ ಅಂತ ಐತ್ರಿ. ಬರೂ ತಿಂಗಳ ಮನಿ ಖಾಲಿ ಮಾಡ್ರಿ.”

ಶೇಡಬಾಳದ ನಮ್ಮ ಮನೆ ಮಾಲೀಕ ಅಣ್ಣಾಸಾಬ ಕಾಗದ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹೊರಗೆ ಜಿಟಿಜಿಟಿ ಮಳೆ, ನನ್ನ ತೋಳಲ್ಲಿ ಎರಡು ತಿಂಗಳ ಕೂಸು. “ಮನಿ ಕೊಡುಮುಂದ ನೀವ ಮೂರ ತಿಂಗಳ ಅಂದಿದ್ರಿ” ಎಂದು ನಾನೂ ದನಿ ಏರಿಸಿದೆ. ಆದರೆ ಕಾಗದದಲ್ಲಿದ್ದದ್ದು ಒಂದೇ ತಿಂಗಳು. ಓದದೆ ಸಹಿ ಮಾಡಿದವಳು ನಾನೇ.

ಬಸದಿಗೆ ಹೋಗಿ ಬರುತ್ತಿದ್ದ ಅವರ ತಾಯಿ, ಓಣಿಯವರೆಲ್ಲ ಆಯಿ ಎಂದು ಕರೆಯುತ್ತಿದ್ದವರು, ಜಗಳ ಕೇಳಿ ಅಂಗಳದಲ್ಲೇ ನಿಂತರು. ಮಗನ ಕೈಯಿಂದ ಕಾಗದ ತೆಗೆದುಕೊಂಡು, ಮಡಚಿ, ಸೆರಗಿನ ತುದಿಗೆ ಗಂಟು ಹಾಕಿದರು.

“ಹುಳ-ಹುಪ್ಪಡಿ ಕಾಲಾಗ ಸಿಕ್ಕಾವು ಅಂತ ನಮ್ಮ ಮುನಿಗೋಳು ಮಳಿಗಾಲದ ನಾಕ ತಿಂಗಳ ಇದ್ದ ಊರ ಬಿಟ್ಟ ಕದಲೂದಿಲ್ಲ. ನೀ ಹಸುಗೂಸಿನ ತಾಯೀನ ಎಬ್ಬಸ್ತಿಯೇನೋ? ದೀಪಾವಳಿ ಆಗ್ಲಿ.”

ದೀಪಾವಳಿ ಕಳೆದ ಮೇಲೆ ಅಣ್ಣಾಸಾಬ ನಮ್ಮ ಸಾಮಾನನ್ನು ತಮ್ಮ ಟ್ರ್ಯಾಕ್ಟರಿನಲ್ಲೇ ಹೇರಿಕೊಂಡು ಕಾಗವಾಡಕ್ಕೆ ತಂದು ಇಳಿಸಿದರು.

ಈಗ ಕಾಗವಾಡದಲ್ಲಿ ನಮ್ಮದೇ ಮನೆಯಿದೆ, ಮೇಲಿನ ಮಹಡಿ ಬಾಡಿಗೆಗೆ ಕೊಟ್ಟಿದ್ದೇವೆ. ಕರಾರಿನಲ್ಲಿ ನಾನೂ ಒಂದು ತಿಂಗಳ ನೋಟಿಸ್ ಎಂದೇ ಟೈಪ್ ಮಾಡಿಸಿದೆ. ಸಹಿ ಹಾಕುವ ಮುನ್ನ ಅದರ ಪಕ್ಕದಲ್ಲಿ ಪೆನ್ನಿನಿಂದ ಬರೆದೆ: ‘ಮಳೆಗಾಲ ಬಿಟ್ಟು.’