ಸಾಹೇಬರು ಬಿಚ್ಚಿಕೊಟ್ಟ ಟವೆಲ್ಲು

ಮೊಮ್ಮಗಳು ಹಳೆಯ ಟ್ರಂಕಿನಿಂದ ಆ ಚೌಕಳಿ ಟವೆಲ್ಲನ್ನು ಎಳೆದಾಗ ಬಂದ ವಾಸನೆಗೆ ನಾನು ಕುಳಿತಲ್ಲಿಂದ ಎದ್ದೇಬಿಟ್ಟೆ. ಬೇಯಿಸಿದ ರೇಷ್ಮೆಗೂಡಿನ ನಾತ, ಅದರೊಳಗೆ ಚೂರೇ ಚೂರು ಅತ್ತರು. ಅರವತ್ತು ವರ್ಷದ ಮೇಲೆ ಯಾವ ವಾಸನೆ ಉಳಿದಿರುತ್ತೆ ತಾತ, ಎಂದು ಅವಳು ನಕ್ಕಳು. ನಗಲಿ, ನನ್ನ ಮೂಗು ನನ್ನದು. ಕೊರೊನಾ ಬಂದಾಗಿನಿಂದ ಅವಳು ಮನೆಯ ಹಳೇ ಬಟ್ಟೆಗೆಲ್ಲ ಕತ್ತರಿ ಹಾಕಿ ಮಾಸ್ಕು ಹೊಲಿಯುತ್ತಿದ್ದಳು. ಅದೊಂದನ್ನು ಬಿಡಮ್ಮ ಎಂದೆ. ದನಿ ನಾನಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು.

ಆ ಟವೆಲ್ಲು ಶಿಡ್ಲಘಟ್ಟದ ಸಾಹೇಬರದು. ಮನೆಯಲ್ಲೇ ನಾಲ್ಕು ಒಲೆ ಹೂಡಿ, ಗೂಡು ಬೇಯಿಸಿ, ನೂಲು ತೆಗೆಸುತ್ತಿದ್ದವರು. ನಾವು ಮೇಲೂರಿನಲ್ಲಿ ಹುಳು ಸಾಕುತ್ತಿದ್ದೆವು. ಅಪ್ಪ ನಮ್ಮ ಗೂಡನ್ನು ಅವರಿಗಲ್ಲದೆ ಬೇರೆ ಯಾರಿಗೂ ಕೊಟ್ಟವನಲ್ಲ. ಆಗ ಗೂಡಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಮಾರುವವನು ಹೆಗಲ ಮೇಲಿನ ಟವೆಲ್ಲು ತೆಗೆದು ಇಬ್ಬರ ಕೈ ಮೇಲೆ ಹಾಸಬೇಕು, ಕೊಳ್ಳುವವನು ಅದರಡಿ ಬೆರಳು ಹಿಡಿದು ಬೆಲೆ ತಿಳಿಸಬೇಕು. ಸುತ್ತ ನಿಂತವರಿಗೆ ಗುಟ್ಟು ಬಿಟ್ಟುಕೊಡಬಾರದು. ಅಪ್ಪನೂ ಸಾಹೇಬರೂ ಹಾಗೆ ಕೈ ಹಿಡಿದುಕೊಂಡೇ ಮಳೆ ಬೆಳೆ, ಮಕ್ಕಳ ಮದುವೆ, ಎಲ್ಲವನ್ನೂ ಮಾತಾಡಿ ಮುಗಿಸುತ್ತಿದ್ದರು...

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಆ ಮಳೆಗಾಲ ಫ್ಲೂ ಜ್ವರ ಊರಿಂದೂರಿಗೆ ಹಬ್ಬಿತು. ಶಿಡ್ಲಘಟ್ಟದಲ್ಲಿ ತಮಟೆ ಹೊಡೆಸಿದರು. ಸಂತೆಯಾಗಲಿ, ಬಸ್ಸಾಗಲಿ, ಗೂಡಿನ ಮಾರುಕಟ್ಟೆಯಾಗಲಿ, ಮೂಗು ಬಾಯಿಗೆ ಬಟ್ಟೆ ಕಟ್ಟದವರಿಗೆ ಪ್ರವೇಶವಿಲ್ಲ. ಜ್ವರ ಇದ್ದವರು ಮನೆ ಬಿಟ್ಟು ಕದಲಕೂಡದು. ಮಾರುಕಟ್ಟೆಯ ಬಾಗಿಲಲ್ಲಿ ಕೋಲು ಹಿಡಿದ ಜವಾನನನ್ನೂ ನಿಲ್ಲಿಸಿದರು. ಪಾಪ, ಆಜ್ಞೆ ಹೊರಡಿಸಿದವರಿಗೆ ನಮ್ಮ ವ್ಯಾಪಾರದ ರೀತಿ ಗೊತ್ತಿರಲಿಲ್ಲ. ಒಬ್ಬೊಬ್ಬನ ಹತ್ತಿರ ಇದ್ದದ್ದೇ ಒಂದು ಟವೆಲ್ಲು. ಅದನ್ನು ಮುಖಕ್ಕೆ ಕಟ್ಟಿದರೆ ಕೈ ಮೇಲೆ ಹಾಸುವುದು ಏನನ್ನು? ಕೆಲವರು ಗೋಣಿಚೀಲದಡಿ ಬೆರಳು ಹಿಡಿದರು, ಕೆಲವರು ಪಂಚೆಯ ಚುಂಗಿನಡಿ. ಒಬ್ಬ ಮಹಾರಾಯ ಸೂರಿನ ಕೆಳಗೇ ಛತ್ರಿ ಬಿಚ್ಚಿ ಅದರ ಮರೆಯಲ್ಲಿ ವ್ಯಾಪಾರ ಮಾಡಿದನಂತೆ.

ನಮ್ಮ ಗೂಡು ಬಿಡಿಸಿದ ದಿನವೇ ಅಪ್ಪ ಜ್ವರ ಬಂದು ಮಲಗಿದ. ಗೂಡು ಯಾರಿಗೂ ಕಾಯುವುದಿಲ್ಲ. ನಾಲ್ಕು ದಿನ ಬಿಟ್ಟರೆ ಒಳಗಿನ ಹುಳು ಚಿಟ್ಟೆಯಾಗಿ, ಗೂಡು ತೂತು ಮಾಡಿಕೊಂಡು ಹೊರಬರುತ್ತದೆ. ಆಮೇಲೆ ಅದನ್ನು ಕೇಳುವವರೇ ಇಲ್ಲ. ಮನೆಯವರ ಊಟ ಆ ಒಂದು ಮೂಟೆಯಲ್ಲಿತ್ತು. ನನಗಾಗ ಹತ್ತೊಂಬತ್ತು. ಬೆಳಿಗ್ಗೆ ಏಳುವಾಗಲೇ ನನ್ನ ಮೈಯೂ ಸುಡುತ್ತಿತ್ತು. ಅಮ್ಮನಿಗೂ ಹೇಳಲಿಲ್ಲ. ಕಣ್ಣಿನ ಕೆಳಗಿನವರೆಗೂ ಟವೆಲ್ಲು ಬಿಗಿದು, ಮೂಟೆ ಹೊತ್ತು ಬಸ್ಸು ಹತ್ತಿದೆ. ಬಾಗಿಲಲ್ಲಿದ್ದ ಜವಾನ ನನ್ನನ್ನು ನೋಡಿ, ಕಟ್ಟಿದರೆ ಹೀಗೆ ಕಟ್ಟಬೇಕು ಎಂದು ಬೇರೆಯವರಿಗೆ ತೋರಿಸಿ ಒಳಗೆ ಬಿಟ್ಟ.

ಸಾಹೇಬರು ನನ್ನ ಗುರುತು ಹಿಡಿದದ್ದು ಮೂಟೆಗೆ ಅಪ್ಪ ಹಾಕುತ್ತಿದ್ದ ಗಂಟಿನಿಂದ. ಅಪ್ಪ ಎಲ್ಲಿ ಎಂದು ಕೇಳಿದರು, ಹೇಳಿದೆ. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ ತಲೆದೂಗಿದರು. ಆಮೇಲೆ ಕೈ ಮುಂದೆ ಮಾಡಿ ನನ್ನ ಟವೆಲ್ಲಿಗಾಗಿ ಕಾದರು. ನಾನು ಮಾರುವವನು, ಬಿಚ್ಚಬೇಕಾದವನು ನಾನೇ. ಬಿಚ್ಚಿದರೆ ಒಣಗಿದ ತುಟಿ, ಕೆಂಪಾದ ಮುಖ, ಎಲ್ಲ ಬಯಲಾಗುತ್ತಿತ್ತು. ಏನೂ ತಿಳಿಯದವನ ಹಾಗೆ ನೆಲ ನೋಡುತ್ತ ನಿಂತೆ. ಹುಡುಗನಿಗೆ ಪದ್ಧತಿ ಗೊತ್ತಿಲ್ಲ ಅಂದುಕೊಂಡರೇನೋ... ತಮ್ಮ ಮುಖಕ್ಕೆ ಕಟ್ಟಿದ್ದ ಟವೆಲ್ಲನ್ನೇ ಬಿಚ್ಚಿ ಇಬ್ಬರ ಕೈ ಮೇಲೆ ಹಾಸಿದರು.

ಅದರಡಿ ಅವರು ಎರಡು ಬೆರಳು ಹಿಡಿದು, ಅಲ್ಲಿಗೇ ನಿಲ್ಲಿಸಿದರು. ಆಮೇಲೆ ನನ್ನ ಇಡೀ ಅಂಗೈಯನ್ನು ತಮ್ಮ ಅಂಗೈಯೊಳಗೆ ತೆಗೆದುಕೊಂಡರು. ಅವರು ಒಂದು ಮಾತು ಕೂಗಿ ಹೇಳಿದ್ದರೆ ಸಾಕಿತ್ತು, ಜವಾನ ನನ್ನನ್ನೂ ಮೂಟೆಯನ್ನೂ ರಸ್ತೆಗೆ ಹಾಕುತ್ತಿದ್ದ. ಅವರು ಕೂಗಲಿಲ್ಲ, ಹಿಂದಕ್ಕೂ ಸರಿಯಲಿಲ್ಲ. ನನ್ನ ಕಿವಿಯ ಹತ್ತಿರಕ್ಕೇ ಬಗ್ಗಿ ಹೇಳಿದರು:

"ಕೈ ಸುಡ್ತಾ ಐತಲ್ಲಪ್ಪ. ಗೂಡು ನಾನು ತಗೊಂಡೆ. ನೀನು ಮನೆಗೆ ಹೋಗಿ ಮಲಕ್ಕೊ."

ಅಪ್ಪನಿಗೆ ಕೊಡುತ್ತಿದ್ದ ಬೆಲೆಯನ್ನೇ ಕೊಟ್ಟರು. ಹೊರಟಾಗ ಕೆಮ್ಮು ಬಂತು, ತಡೆಯಲಾಗಲಿಲ್ಲ. ಬಸ್ಸಿನಲ್ಲಿ ಚಳಿಯಾಗುತ್ತೆ ಎಂದು ಅದೇ ಟವೆಲ್ಲನ್ನು ನನಗೆ ಹೊದಿಸಿ ಕಳಿಸಿದರು. ಬರಿಮುಖದಲ್ಲಿ ನಿಂತು ಕೈ ಬೀಸಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ...

ಅಪ್ಪ ಚೇತರಿಸಿಕೊಂಡ, ನಾನೂ ಎದ್ದು ಓಡಾಡಿದೆ. ತಿಂಗಳಾದ ಮೇಲೆ ಟವೆಲ್ಲು ಒಗೆದು, ಮಡಿಚಿ, ಹಿಂದಿರುಗಿಸಲು ಅವರ ಮನೆಗೆ ಹೋದೆ. ನಾಲ್ಕು ಒಲೆಯೂ ಆರಿದ್ದವು. ಸಾಹೇಬರ ಹೆಂಡತಿ ಪರದೆಯ ಹಿಂದಿನಿಂದ ಹೇಳಿದರು: ನನ್ನ ಗೂಡು ಕೊಂಡ ಮೂರನೇ ದಿನಕ್ಕೆ ಅವರಿಗೆ ಜ್ವರ ಬಂತಂತೆ, ಆಮೇಲೆ ಎಂಟೇ ದಿನ ಬದುಕಿದ್ದರಂತೆ. ಜ್ವರದಲ್ಲೂ ಮೇಲೂರಿನ ಹುಡುಗ ಹೇಗಿದಾನೆ, ಯಾರಾದರೂ ಕೇಳ್ಕೊಂಡು ಬನ್ನಿ ಎನ್ನುತ್ತಿದ್ದರಂತೆ. ನಾನು ಟವೆಲ್ಲು ಚಾಚಿದೆ.

"ಅವರು ಕೊಟ್ಟಿದ್ದನ್ನ ನಾನು ವಾಪಸ್ ಇಸ್ಕೊಳಲ್ಲಪ್ಪ. ನಿನ್ ಹತ್ರಾನೇ ಇಟ್ಕೊ."

ಜ್ವರ ಇದೆ ಎಂದು ಗೊತ್ತಿದ್ದೇ ಬಂದಿದ್ದೆನಮ್ಮ ಎಂದು ಹೇಳದೆ, ಟವೆಲ್ಲು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಅಪ್ಪನಿಗೂ ಹೇಳಲಿಲ್ಲ. ಅಪ್ಪ ಸಾಯುವವರೆಗೂ, ಸಾಹೇಬರಿಗೆ ಅದು ಎಲ್ಲಿಂದ ಅಂಟಿತೋ ಎಂದು ಕೊರಗುತ್ತಲೇ ಇದ್ದ, ನಾನು ಪಕ್ಕದಲ್ಲೇ ಕೂತು ಕೇಳುತ್ತಿದ್ದೆ.

ಮೊದಲ ಸಲ ಬಾಯಿಬಿಟ್ಟದ್ದು ಮೊನ್ನೆ, ಮೊಮ್ಮಗಳ ಮುಂದೆ. ನಿನ್ನಿಂದಲೇ ಅಂಟಿತು ಅಂತ ಹೇಗೆ ಹೇಳ್ತೀಯ, ಆಗ ಊರೆಲ್ಲ ಜ್ವರ ಇತ್ತಲ್ಲ ತಾತ, ಎಂದಳು. ಇರಬಹುದು. ಅವಳು ಟವೆಲ್ಲನ್ನು ಮೊದಲಿದ್ದ ಹಾಗೇ ಮಡಿಚಿ ಟ್ರಂಕಿನಲ್ಲಿಟ್ಟಳು, ನನ್ನ ಹಳೇ ಪಂಚೆಯಲ್ಲಿ ನನಗೊಂದು ಮಾಸ್ಕು ಹೊಲಿದುಕೊಟ್ಟಳು. ಅದನ್ನು ನಾನು ಮನೆಯೊಳಗೂ ತೆಗೆಯುವುದಿಲ್ಲ. ಇಲ್ಲಿ ಯಾರಿದಾರೆ, ಬಿಚ್ಚು ತಾತ, ಉಸಿರು ಕಟ್ಟುತ್ತೆ ಎಂದು ದಿನಾ ಬೈಯುತ್ತಾಳೆ. ಬಿಚ್ಚಬೇಕಾದ ದಿನ ನಾನು ಬಿಚ್ಚಲಿಲ್ಲವಲ್ಲ...