ಮೂರು ದವಡೆಯ ಚಕ್ಕು, ನಾಲ್ಕು ದವಡೆಯ ಅಪ್ಪ

ಪವರ್‌ಲೂಮಿನ ಹಲ್ಲುಚಕ್ರ ಮಾಡಿಕೊಡುವ ಇಳಕಲ್ಲಿನ ವರ್ಕ್‌ಶಾಪನ್ನು ಅಪ್ಪ ನನಗೆ ಬಿಟ್ಟುಕೊಟ್ಟಿದ್ದ, ಕುರ್ಚಿ ಮಾತ್ರ ಬಿಟ್ಟಿರಲಿಲ್ಲ. ದಿನಾ ಬಂದು ಕೂತು ಮಗಳಿಗೆ ಬುದ್ಧಿ ಹೇಳುತ್ತಿದ್ದ. ಕೆಲಸದ ತುಂಡನ್ನು ಅಳತೆಯಂತೆ ತಿರುಗಿಸುವ ರೋಟರಿ ಟೇಬಲ್ಲಿಗೆ, ಆ ತುಂಡನ್ನು ಕಚ್ಚಿ ಹಿಡಿಯುವ ಹೊಸ ಚಕ್ ಕೊಳ್ಳುವಾಗ ಮನೆಯಲ್ಲಿ ಚುನಾವಣೆಯೇ ನಡೆಯಿತು. ನನ್ನ ಓಟು ಮೂರು ದವಡೆಯದಕ್ಕೆ. ಒಂದು ಕೀಲಿ ತಿರುಗಿಸಿದರೆ ಮೂರೂ ಕೂಡಿ ಸರಿದು ಗುಂಡನೆಯ ತುಂಡನ್ನು ನಟ್ಟನಡುವೆ ಹಿಡಿಯುತ್ತವೆ. ಅಪ್ಪನದು ನಾಲ್ಕಕ್ಕೆ. ಅದರಲ್ಲಿ ಒಂದೊಂದನ್ನೇ ಬಿಗಿಯುತ್ತ ಅರ್ಧ ದಿನ ಕಳೆಯಬೇಕು. ಗುಂಡು ಚಕ್ರಕ್ಕೆ ಅದ್ಯಾಕೆ? ಹೇಳಿದರೆ ಕೇಳಬೇಕಲ್ಲ!

ಹಟ ಹಿಡಿದು ಮೂರರದನ್ನೇ ತರಿಸಿದೆ.

"ಇದ್ರಾಗ ನಿನ್ನ ಗಾಲಿ ನೆಟ್ಟಗ ತಿರುಗಿದ್ರ, ನಾ ಮತ್ತ ಈ ಹೊಸ್ತಲ ತುಳಿಯೂದಿಲ್ಲ," ಎಂದ ಅಪ್ಪ.

ಹೊಸ ಸಾಮಾನನ್ನು ಪೂಜೆ ಮಾಡದೆ ಮುಟ್ಟುವವರಲ್ಲ ನಾವು. ಆದರೆ ಚಕ್ಕಿನ ಮುಖಕ್ಕೆ ಬಳಿದ ವಿಭೂತಿಯನ್ನು ಮಷೀನಿನ ನೀರು ತೊಳೆದುಬಿಡುತ್ತದೆ, ಅದು ಅಪಶಕುನ. ಅದಕ್ಕೆ ನಾನು, ಮಹಾಜಾಣೆ, ಚಕ್ಕಿನ ತಳಕ್ಕೇ ದಪ್ಪಗೆ ಮೂರು ಪಟ್ಟೆ ಬಳಿದು, ಒಣಗಿಸಿ, ಟೇಬಲ್ಲಿಗೆ ಬಿಗಿದೆ. ಓಣಿಯವರೆಲ್ಲ ಅತ್ತಿ ಎನ್ನುವ ನೇಕಾರ ಹೆಂಗಸು ಎದುರಿಗೇ ಕೂತಿದ್ದಳು. ಆಕೆಯ ಮಗ್ಗದ ಚಕ್ರ ಮುರಿದು ಸೀರೆ ಅರ್ಧಕ್ಕೇ ನಿಂತಿತ್ತು. ಹೊಸ ಚಕ್ರದ ತುಂಡು ಹಿಡಿದು ತಿರುಗಿಸಿದರೆ, ಕೂದಲೆಳೆಯ ಸೊಟ್ಟನ್ನೂ ತೋರಿಸುವ ಡಯಲ್ಲಿನ ಮುಳ್ಳು ಹುಚ್ಚು ಹಿಡಿದಂತೆ ಓಲಾಡಿತು. ಅಪ್ಪನ ಮೀಸೆಯಡಿ ನಗು. ನನಗೆ ಮೈಯೆಲ್ಲ ಉರಿಯಿತು.

ಅಪ್ಪ ಮೂಲೆಯಲ್ಲಿದ್ದ ತನ್ನ ಹಳೆಯ ನಾಲ್ಕು ದವಡೆಯದನ್ನು ಹೊತ್ತು ತಂದು ಬಿಗಿದ. ಮುಳ್ಳು ಇನ್ನೂ ಜೋರಾಗಿ ಓಲಾಡಿತು. ಅತ್ತಿ ಅದನ್ನು ಬಿಚ್ಚಿಸಿ ಎರಡರ ತಳವನ್ನೂ ನೋಡಿದಳು. ಅಪ್ಪನದಕ್ಕೆ ಎಷ್ಟೋ ವರ್ಷಗಳ ಆಯುಧಪೂಜೆಯ ವಿಭೂತಿ ಗಿಲಾವಿನಂತೆ ಮೆತ್ತಿತ್ತು! ಅವನಿಗೂ ಅದೇ ಅಪಶಕುನದ ಚಿಂತೆ.

"ತಾಯಿಯಂತೆ ಮಗಳು ಅಂತಾರ, ನೀ ಪೂರ್ತಿ ಅಪ್ಪನಂಗ ಬಂದೀಯವ್ವ," ಎಂದಳು ಅತ್ತಿ. "ಅಡಿಯಾಗ ಇಷ್ಟ ಮೆತ್ತಿದ್ರ ಸೊಟ್ಟನ ಕೂಡ್ತೈತಿ. ಮೊದ್ಲ ಇಬ್ರೂ ಕೆರದು ವರಸ್ರಿ."

ಒರೆಸಿದೆವು. ನನ್ನ ಚಕ್ಕನ್ನು ಮತ್ತೆ ಬಿಗಿದರೆ ಮುಳ್ಳು ಮಿಸುಕಲಿಲ್ಲ. ಸಂಜೆಗೆ ಅತ್ತಿಯ ಮಗ್ಗ ಓಡಿತು. ನಾನು ಗೆದ್ದೆ.

ಅಪ್ಪ ಆಡಿದ ಮಾತಿಗೆ ತಪ್ಪುವವನಲ್ಲ, ಮರುದಿನ ಬರಲಿಲ್ಲ. ಮೊದಲ ದಿನ ಹಾಯೆನಿಸಿತು. ಎರಡನೆಯ ದಿನ ಜಗಳಕ್ಕೆ ಯಾರೂ ಇಲ್ಲದೆ ಕೈಯೇ ಓಡಲಿಲ್ಲ. ಮನೆಯಲ್ಲಿ ಅಪ್ಪ ಒಲೆಯ ಮುಂದೆ ಕೂತು ರೊಟ್ಟಿ ಗುಂಡಗಾಗಿಲ್ಲವೆಂದು ತಪ್ಪು ತೆಗೆಯುತ್ತಿದ್ದನಂತೆ. ಈ ಮನುಷ್ಯನನ್ನು ಎಲ್ಲಿಗಾದರೂ ಒಯ್ಯಿ ಎಂದು ಅವ್ವ ಫೋನು ಮಾಡಿದಳು. ಮೂರನೆಯ ದಿನ ಮರೋಳ ಹಳ್ಳಿಯಿಂದ ನೀರಿನ ಪಂಪಿನದೊಂದು ಸೊಟ್ಟ ಎರಕದ ತುಂಡು ಬಂತು. ಅತ್ತ ಗುಂಡಲ್ಲ, ಇತ್ತ ಚೌಕವಲ್ಲ. ಇದಕ್ಕೆ ನಾಲ್ಕು ದವಡೆಯದೇ ಬೇಕೆಂದು ನೋಡಿದೊಡನೆ ಗೊತ್ತಾಯಿತು. ಅದನ್ನು ಬಿಗಿಯಲು ನನಗೆ ಚೆನ್ನಾಗಿಯೇ ಬರುತ್ತಿತ್ತು. ಆದರೂ ತುಂಡನ್ನು ಎತ್ತಿಕೊಂಡು ನೇರ ಮನೆಗೆ ಹೋದೆ.

"ಅಪ್ಪಾ, ಇದು ನನ್ನ ಚಕ್ಕಿನಾಗ ಕೂಡವಲ್ದು."

"ನಾ ಬರೂದಿಲ್ಲಂತ ಹೇಳೀನಲ್ಲ," ಎನ್ನುತ್ತ ಅಪ್ಪ ಚಪ್ಪಲಿ ಹುಡುಕತೊಡಗಿದ.